ಎರಡು ಕಾಸಿನ ಮ್ಯಾಕರೋನಿ

ಮುಂಬಯಿಯ ಯಾವ ಹೋಟೆಲಿನಲ್ಲಿ ಪಾಸ್ತಾ ಕೇಳಿದರೂ ವೇಟರ್ ತಿರುಗಿ ಕೇಳುವುದು ಒಂದೇ ಪ್ರಶ್ನೆ: ವೈಟ್ ಸಾಸೋ, ರೆಡ್ ಸಾಸೋ? ಬಿಳಿಯದರಲ್ಲಿ ಬೆಣ್ಣೆ, ಮೈದಾ, ಹಾಲು. ಕೆಂಪಿನದಾದರೂ ಮೇಲೆ ಚೀಸ್ ತುರಿದೇ ತರುತ್ತಾರೆ. ಹಾಲು ಬಿಟ್ಟವರು ಪಾಸ್ತಾವನ್ನೂ ಬಿಡಬೇಕು ಎಂದು ನಮ್ಮಲ್ಲಿ ಅನೇಕರು ತಿಳಿದಿರುವುದು ಇದರಿಂದಲೇ. ನಾನು ಹಾಲು, ತುಪ್ಪ, ಮೊಸರು ಬಿಟ್ಟು ಕೆಲವು ವರ್ಷಗಳಾದವು. ಕೆಲಸದ ನಿಮಿತ್ತ ಊರೂರು ಅಲೆಯುವವನಾದ್ದರಿಂದ ಚೀಲದಲ್ಲಿ ಒಂದು ಪೊಟ್ಟಣ ಪಾಸ್ತಾ, ಒಂದು ಗಡ್ಡೆ ಬೆಳ್ಳುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಚಿಕ್ಕ ಬಾಟಲಿ ಎಣ್ಣೆ ಇರುತ್ತವೆ. ಲಾಡ್ಜಾಗಲಿ, ಗೆಳೆಯರ ಕೋಣೆಯಾಗಲಿ, ಒಂದು ಒಲೆ ಮತ್ತು ಒಂದು ಪಾತ್ರೆ ಸಿಕ್ಕರೆ ಊಟವಾಯಿತು. "ಚೀಸ್ ಇಲ್ಲದ ಪಾಸ್ತಾ ಎಂಥದ್ದು ಮಾರಾಯ" ಎಂದು ನಗುವವರಿಗೆ ಉತ್ತರ ಹುಡುಕುತ್ತ ಇದರ ಚರಿತ್ರೆ ಓದತೊಡಗಿದೆ. ಓದಿದಷ್ಟೂ ಒಂದು ಸಂಗತಿ ಖಚಿತವಾಯಿತು. ಒಣ ಪಾಸ್ತಾ ಹುಟ್ಟಿದ್ದೇ ಪ್ರಯಾಣಕ್ಕಾಗಿ, ಬೆಳೆದದ್ದು ಬಡವರ ಕೈಯಲ್ಲಿ.

ಮೊದಲು ಮಾರ್ಕೊ ಪೋಲೊನನ್ನು ದಾರಿಯಿಂದ ಸರಿಸಿಬಿಡೋಣ. ಅವನು ಚೀನಾದಿಂದ ಪಾಸ್ತಾ ತಂದನೆಂಬ ಕಥೆಯನ್ನು ಜನಪ್ರಿಯಗೊಳಿಸಿದ್ದು 1920ರ ದಶಕದ ಅಮೆರಿಕದ ಪಾಸ್ತಾ ತಯಾರಕರ ಪತ್ರಿಕೆ. ಪೋಲೊ ವೆನಿಸ್ಸಿಗೆ ಮರಳಿದ್ದು 1295ರಲ್ಲಿ. ಅದಕ್ಕೆ ಹದಿನಾರು ವರ್ಷ ಮೊದಲೇ, 1279ರಲ್ಲಿ, ಜಿನೋವಾ ನಗರದ ನೋಟರಿಯೊಬ್ಬ ಬರೆದ ಆಸ್ತಿಪಟ್ಟಿಯಲ್ಲಿ ಮ್ಯಾಕರೋನಿ ತುಂಬಿದ ಒಂದು ಪೆಟ್ಟಿಗೆ ದಾಖಲಾಗಿದೆ. ಅದು ಪೋನ್ಸಿಯೊ ಬಸ್ತೋನೆ ಎಂಬ ಸೈನಿಕನ ಸೊತ್ತು. ಒಂದು ಪೆಟ್ಟಿಗೆ ಮ್ಯಾಕರೋನಿಯನ್ನು ಆಸ್ತಿ ಎಂದು ಬರೆದಿಡಬೇಕಾದರೆ ಅದು ಕೆಡದೆ ಉಳಿಯುವ, ಬೆಲೆಯುಳ್ಳ ಪದಾರ್ಥವಾಗಿತ್ತು ಎಂದಾಯಿತಲ್ಲ!

ಇದಕ್ಕೂ ಹಿಂದಿನ ಸಾಕ್ಷಿ ಸಿಸಿಲಿ ದ್ವೀಪದ್ದು. ನಾರ್ಮನ್ ದೊರೆ ಎರಡನೇ ರೋಜರನ ಆಸ್ಥಾನದಲ್ಲಿದ್ದ ಅರಬ್ ಭೂಗೋಳಜ್ಞ ಅಲ್ ಇದ್ರಿಸಿ 1154ರಲ್ಲಿ ಮುಗಿಸಿದ ಗ್ರಂಥದಲ್ಲಿ, ಪಲೆರ್ಮೋ ನಗರದಿಂದ ಸುಮಾರು 30 ಕಿ.ಮೀ. ದೂರದ ತ್ರಾಬಿಯಾ ಎಂಬ ಊರಿನ ವರ್ಣನೆ ಇದೆ. ಅಲ್ಲಿ ಬತ್ತದ ತೊರೆಗಳು, ಅವುಗಳ ನೀರಿನಿಂದ ತಿರುಗುವ ಬೀಸುವ ಕಲ್ಲುಗಳು. ಅಲ್ಲಿ ತಯಾರಾಗುವ 'ಇತ್ರಿಯ' ಕಲಾಬ್ರಿಯಾಕ್ಕೂ, ಮುಸ್ಲಿಮರ ಮತ್ತು ಕ್ರೈಸ್ತರ ನಾಡುಗಳಿಗೂ ಹಡಗು ಹಡಗಾಗಿ ಹೋಗುತ್ತಿತ್ತಂತೆ. ಇತ್ರಿಯ ಎಂದರೆ ಒಣಗಿಸಿದ ಎಳೆ, ನಮ್ಮ ಶ್ಯಾವಿಗೆಯ ದಾಯಾದಿ. ಹಿಟ್ಟು ಹುಳ ಹಿಡಿಯುತ್ತದೆ, ರೊಟ್ಟಿ ಬೂಷ್ಟು ಹಿಡಿಯುತ್ತದೆ. ಒಣಗಿದ ಎಳೆ ಮಾತ್ರ ಸಮುದ್ರ ದಾಟಿ ಹೋಗಿಯೂ ಬಿಸಿನೀರು ಕಂಡೊಡನೆ ಊಟವಾಗುತ್ತದೆ.

ಇದರ ಗುಟ್ಟು ಗೋದಿಯಲ್ಲಿದೆ. ಡ್ಯೂರಮ್ ಎಂಬ ಗಟ್ಟಿ ಗೋದಿಯನ್ನು ಬೀಸಿದರೆ ಹಿಟ್ಟಿಗಿಂತ ಹೆಚ್ಚಾಗಿ ಹಳದಿ ರವೆ ಬರುತ್ತದೆ. ಅದನ್ನು ಬರೀ ನೀರಿನಲ್ಲಿ ಕಲಸಿದರೆ ಸಾಕು, ಎಳೆ ತುಂಡಾಗುವುದಿಲ್ಲ. ಮೊಟ್ಟೆ ಹಾಕಿದ ಹಸಿ ಪಾಸ್ತಾ ಉತ್ತರ ಇಟಲಿಯ, ಅದರಲ್ಲೂ ಎಮಿಲಿಯಾ ಸೀಮೆಯ ಮೆದು ಗೋದಿಯ ಪದ್ಧತಿ. ರವೆ ಮತ್ತು ನೀರಿನ ಒಣ ಪಾಸ್ತಾ ದಕ್ಷಿಣದ್ದು. 1967ರಲ್ಲಿ ಇಟಲಿಯ ಸಂಸತ್ತು ಇದನ್ನೇ ಕಾನೂನು ಮಾಡಿತು: ಒಣ ಪಾಸ್ತಾ ಎಂದು ಮಾರುವುದರಲ್ಲಿ ಡ್ಯೂರಮ್ ರವೆ ಮತ್ತು ನೀರು ಇರಬೇಕು, ಮೊಟ್ಟೆ ಇದ್ದರೆ ಹಾಗೆಂದು ಹೇಳಬೇಕು. ಡ್ಯೂರಮ್ ಎಂದರೆ ಏನೋ ಪರದೇಶದ್ದು ಎಂದುಕೊಳ್ಳಬೇಡಿ. ನಮ್ಮೂರ ಅಂಗಡಿಯ ಬನ್ಸಿ ರವೆ ಅದೇ ಜಾತಿಯದು. ಧಾರವಾಡದ ಕಡೆಯ ನಮ್ಮಜ್ಜಿ ಬೇಸಿಗೆಯಲ್ಲಿ ಶ್ಯಾವಿಗೆ ಹೊಸೆದು ಕೋಲಿನ ಮೇಲೆ ಇಳಿಬಿಡುತ್ತಿದ್ದಳು. ಬಿಸಿಲಿಗೆ ಎಷ್ಟು ಹೊತ್ತು, ನೆರಳಿಗೆ ಎಷ್ಟು ಹೊತ್ತು ಎಂಬುದಕ್ಕೆ ಅವಳದೇ ಲೆಕ್ಕವಿತ್ತು. ಅವಸರದಲ್ಲಿ ಒಣಗಿಸಿದರೆ ಎಳೆ ಸಿಡಿಯುತ್ತದೆ ಎನ್ನುತ್ತಿದ್ದಳು. ನೇಪಲ್ಸ್ ಬಳಿಯ ಗ್ರಾನ್ಯಾನೋ ಊರಿನವರ ಲೆಕ್ಕವೂ ಇದೇ ಆಗಿತ್ತು. ಮೊದಲು ಗಾಳಿಗೆ ಹಿಡಿದು ಮೇಲ್ಪದರ ಒಣಗಿಸುವುದು, ಆಮೇಲೆ ತಣ್ಣನೆಯ ತೇವದ ಕೋಣೆಯಲ್ಲಿಟ್ಟು ಒಳಗಿನ ನೀರು ಹೊರಗೆ ಬರಲು ಬಿಡುವುದು, ಕೊನೆಗೆ ನಿಧಾನವಾಗಿ ಪೂರ್ತಿ ಒಣಗಿಸುವುದು. ಬೆಟ್ಟದ ಗಾಳಿ, ಕಡಲ ಗಾಳಿ ಎರಡೂ ಸಿಗುವ ಆ ಊರಿನ ಬೀದಿಗಳಲ್ಲಿ ಬೆತ್ತದ ಕೋಲುಗಳ ಮೇಲೆ ಪಾಸ್ತಾ ತೂಗುವ ಹಳೆಯ ಫೋಟೊಗಳನ್ನು ನೋಡಿದರೆ ಅಜ್ಜಿಯ ಹಿತ್ತಲೇ ಬೀದಿಗೆ ಬಂದಂತಿದೆ.

ಆದರೆ ಪಾಸ್ತಾ ಮೊದಲಿನಿಂದಲೂ ಅಗ್ಗವಾಗಿರಲಿಲ್ಲ. 16ನೇ ಶತಮಾನದ ಆರಂಭದಲ್ಲಿ ನೇಪಲ್ಸಿನಲ್ಲಿ ಹೊರಟ ಒಂದು ಆಜ್ಞೆಯ ಪ್ರಕಾರ, ಯುದ್ಧದಿಂದಲೋ ಬರದಿಂದಲೋ ಹಿಟ್ಟಿನ ಬೆಲೆ ಏರಿದಾಗ ಮ್ಯಾಕರೋನಿ, ಶ್ಯಾವಿಗೆ ಮಾಡಕೂಡದು. ಅಂದರೆ ಹಿಟ್ಟಿದ್ದರೆ ಮೊದಲು ರೊಟ್ಟಿ, ಪಾಸ್ತಾ ಏನಿದ್ದರೂ ಚಪಲ. ಆ ಕಾಲಕ್ಕೆ ನೇಪಲ್ಸಿನವರಿಗೆ ಇದ್ದ ಅಡ್ಡಹೆಸರು 'ಎಲೆ ತಿನ್ನುವವರು'. ಕೋಸು, ಸೊಪ್ಪು, ಜೊತೆಗೆ ಒಂದಿಷ್ಟು ಮಾಂಸ ಅವರ ಊಟ. 17ನೇ ಶತಮಾನದಲ್ಲಿ ಆ ಹೆಸರು ಹೋಗಿ 'ಮ್ಯಾಕರೋನಿ ತಿನ್ನುವವರು' ಎಂಬುದು ಬಂತು. ಇದು ಹೇಗಾಯಿತು ಎಂಬುದನ್ನು ಎಮಿಲಿಯೊ ಸೆರೇನಿ ಎಂಬ ಇತಿಹಾಸಕಾರ 1958ರ ಪ್ರಬಂಧದಲ್ಲಿ ವಿವರಿಸಿದ್ದಾರೆ. ಸ್ಪೇನಿನ ಆಳ್ವಿಕೆಯಲ್ಲಿ ಹಳ್ಳಿಗಳಿಂದ ಜನ ನುಗ್ಗಿ ನೇಪಲ್ಸ್ ಯುರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದಾಯಿತು. ಅಷ್ಟು ಜನಕ್ಕೆ ಮಾಂಸ, ತರಕಾರಿ ಸಾಲದಾಯಿತು. ಮೇಲೆ ತೆರಿಗೆಗಳು ಬೇರೆ. 1647ರಲ್ಲಿ ಮಸಾನಿಯೆಲ್ಲೊ ಎಂಬ ಮೀನು ಮಾರುವವನ ನಾಯಕತ್ವದಲ್ಲಿ ಊರಿಗೆ ಊರೇ ದಂಗೆ ಎದ್ದದ್ದು ಹಣ್ಣಿನ ಮೇಲೆ ಹೇರಿದ ತೆರಿಗೆಗಾಗಿ. ಅದೇ ಹೊತ್ತಿಗೆ ಹಿಟ್ಟು ನಾದುವ ಯಂತ್ರ, ಎಳೆ ಒತ್ತುವ ಒರಳು ಬಳಕೆಗೆ ಬಂದು ಪಾಸ್ತಾ ಅಗ್ಗವಾಯಿತು. ಹೊಟ್ಟೆಯಿಂದ ಮಾಂಸ ಖಾಲಿಯಾದ ಜಾಗಕ್ಕೆ ಗೋದಿ ಬಂದು ಕುಳಿತಿತು. ಹಳ್ಳಿ ಬಿಟ್ಟು ನಗರ ಸೇರಿದವರ ಊಟ ಹೀಗೆ ಅವರನ್ನು ಕೇಳದೆಯೇ ಬದಲಾಗುತ್ತದೆ. ಪಾವ್ ಎಂದರೇನೆಂದು ಊರಿನಲ್ಲಿ ಅರಿಯದೆ ಮುಂಬಯಿಗೆ ಬಂದು ವಡಾ-ಪಾವ್‌ನಲ್ಲೇ ಹಗಲು ಕಳೆದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನೇಪಲ್ಸಿನ ಬಡವರು ನನ್ನಂತೆ ಯೋಚಿಸಿ ಚೀಸ್ ಬಿಟ್ಟವರಲ್ಲ. ಸಿಕ್ಕರೆ ಉದುರಿಸಿಕೊಳ್ಳುತ್ತಿದ್ದರು. 1787ರಲ್ಲಿ ಅಲ್ಲಿಗೆ ಹೋದ ಗಯಟೆ, ಮ್ಯಾಕರೋನಿ ಎಲ್ಲೆಲ್ಲೂ ಅಗ್ಗಕ್ಕೆ ಸಿಗುತ್ತದೆ, ನೀರಿನಲ್ಲಿ ಬೇಯಿಸಿ ತುರಿದ ಚೀಸ್ ಹಾಕುತ್ತಾರೆ ಎಂದೇ ಬರೆದಿದ್ದಾನೆ. ಟೊಮೆಟೊ ಅಮೆರಿಕದಿಂದ ಬಂದು ಬಹುಕಾಲವಾಗಿದ್ದರೂ ಅದರ ಸಾಸನ್ನು ಪಾಸ್ತಾದೊಂದಿಗೆ ಕಲಸುವುದು ರೂಢಿಯಾದದ್ದು ಆಮೇಲೆ. ನೇಪಲ್ಸಿನ ಇಪ್ಪೊಲಿತೊ ಕವಲ್ಕಾಂತಿ 1839ರಲ್ಲಿ ತನ್ನ ಪಾಕಶಾಸ್ತ್ರದಲ್ಲಿ ಟೊಮೆಟೊ ಶ್ಯಾವಿಗೆಯನ್ನು ಊರ ಆಡುಮಾತಿನಲ್ಲೇ ಬರೆದಿಟ್ಟ. ನಮ್ಮ ಸಾರಿಗೂ ಅವರ ಸಾಸಿಗೂ ಟೊಮೆಟೊ ತಡವಾಗಿ ಬಂದ ನೆಂಟನೇ.

ಚೀಸ್ ಕೈಬಿಟ್ಟ ಅಡುಗೆಗಳು ಬಂದದ್ದು ಎರಡು ಬಾಗಿಲುಗಳಿಂದ. ಒಂದು ಉಪವಾಸ. ಈಸ್ಟರಿಗೆ ಮುಂಚಿನ ನಲವತ್ತು ದಿನ ಕ್ಯಾಥೊಲಿಕರಿಗೆ ಮಾಂಸವಷ್ಟೇ ಅಲ್ಲ, ಬಹುಕಾಲ ಹಾಲು, ಬೆಣ್ಣೆ, ಮೊಟ್ಟೆಯೂ ವರ್ಜ್ಯವಾಗಿದ್ದವು. ಆಗ ಎಣ್ಣೆ, ಕಾಳು, ಶ್ರೀಮಂತರಾದರೆ ಬಾದಾಮಿ ಹಾಲು. ಇನ್ನೊಂದು ಬಾಗಿಲು ಬಡತನ. ಸಿಸಿಲಿ, ಕಲಾಬ್ರಿಯಾಗಳಲ್ಲಿ ತುರಿದ ಚೀಸಿನ ಬದಲು ಹಳಸಲು ಬ್ರೆಡ್ಡಿನ ಪುಡಿಯನ್ನು ಆಲಿವ್ ಎಣ್ಣೆಯಲ್ಲಿ ಕೆಂಪಗೆ ಹುರಿದು ಉದುರಿಸಿದರು. ಬಡವರ ಪಾರ್ಮೆಸಾನ್ ಎಂದು ಅದಕ್ಕೆ ಹೆಸರು. 'ವೀಗನ್' ಎಂಬ ಪದ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ. ಆ ಪದಕ್ಕೆ ಬಹಳ ಮೊದಲೇ ಊಟ ಇತ್ತು. ತಿನ್ನುವವರಿಗೆ ಆಯ್ಕೆ ಇರಲಿಲ್ಲ, ಅಷ್ಟೇ. ಹಾಲು ಬಿಟ್ಟದ್ದನ್ನು ಸಾಧನೆಯಂತೆ ಹೇಳಿಕೊಳ್ಳುವ ನನ್ನಂಥವರು ಈ ವ್ಯತ್ಯಾಸ ಮರೆಯಬಾರದು.

ಮರೆತರೆ ಏನಾಗುತ್ತದೆ ಎಂಬುದಕ್ಕೂ ನೇಪಲ್ಸಿನಲ್ಲೇ ಉದಾಹರಣೆ ಇದೆ. 19ನೇ ಶತಮಾನದಲ್ಲಿ ಅಲ್ಲಿಗೆ ಬರುತ್ತಿದ್ದ ಪ್ರವಾಸಿಗರಿಗೆ ಬಡವರು ಮ್ಯಾಕರೋನಿ ತಿನ್ನುವುದೇ ಒಂದು ನೋಟ. ಕಾಸು ಕೊಟ್ಟು, ಹರಕು ಬಟ್ಟೆಯ ಹುಡುಗರಿಂದ ಬರಿಗೈಯಲ್ಲಿ ಎಳೆ ಎತ್ತಿಸಿ, ತಲೆ ಹಿಂದೆ ಬಾಗಿಸಿ ಬಾಯಿಗೆ ಇಳಿಸುವುದನ್ನು ನೋಡುತ್ತಿದ್ದರು. ಅದರ ಫೋಟೊಗಳು ಪೋಸ್ಟ್‌ಕಾರ್ಡ್‌ಗಳಾಗಿ ಮಾರಾಟವಾದವು. ಗೈಡ್ ಹಿಡಿದು ಧಾರಾವಿಯ ಓಣಿ ನೋಡಲು ಬರುವವರನ್ನು ಕಂಡಾಗಲೆಲ್ಲ ನನಗೆ ಆ ಪೋಸ್ಟ್‌ಕಾರ್ಡ್ ನೆನಪಾಗುತ್ತದೆ. 1884ರಲ್ಲಿ ಕಾಲರಾ ಊರನ್ನು ಬಡಿದಾಗ ಮತಿಲ್ದೆ ಸೆರಾವೊ ಎಂಬ ಪತ್ರಕರ್ತೆ ಅದೇ ಓಣಿಗಳ ಬಗ್ಗೆ ಬರೆದಳು. ಅವಳ ಬರಹದಲ್ಲಿ ತಮಾಷೆ ಇಲ್ಲ, ಬೆಲೆಗಳಿವೆ. ಬೀದಿಯಲ್ಲಿ ಸದಾ ಕುದಿಯುವ ಹಂಡೆ, ಪಕ್ಕದಲ್ಲಿ ಟೊಮೆಟೊ ಸಾಸಿನ ಬಾಣಲೆ, ತುರಿದ ಚೀಸಿನ ಗುಡ್ಡೆ. ಎರಡು ಸೋಲ್ದಿಗೆ ಒಂದು ತಟ್ಟೆ, ಮೂರಕ್ಕೆ ಇನ್ನೊಂದು. ಜನ ಆ ತಟ್ಟೆಗಳನ್ನು ಕರೆಯುತ್ತಿದ್ದದ್ದೂ ಬೆಲೆಯಿಂದಲೇ, 'ಒಂದು ಎರಡು', 'ಒಂದು ಮೂರು' ಎಂದು. ಕಟಿಂಗ್ ಚಹಾ ಎಂದ ಹಾಗೆ.

ಆಮೇಲೆ ಆ ಜನ ಲಕ್ಷಗಟ್ಟಲೆಯಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ಅಲ್ಲಿ ಮಾಂಸ ಅಗ್ಗ, ಚೀಸ್ ಅಗ್ಗ. ಊರಿನಲ್ಲಿ ಹಬ್ಬಕ್ಕೆ ಮಾತ್ರ ಕಂಡದ್ದನ್ನು ದಿನವೂ ತಟ್ಟೆಗೆ ಹಾಕಿಕೊಂಡರು. ಸ್ಪಾಗೆಟ್ಟಿಯ ಮೇಲೆ ಮಾಂಸದುಂಡೆ ಕುಳಿತದ್ದು ಹೀಗೆ. ಜಗತ್ತಿಗೆ ಹಬ್ಬಿದ್ದು ವಲಸಿಗರ ಆ ಸಿರಿವಂತ ತಟ್ಟೆಯೇ, ಊರಿನ ಬಡ ತಟ್ಟೆಯಲ್ಲ. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ದೋಸೆಗೆ ಬೆಣ್ಣೆ ಸುರಿದು ಮೇಲೆ ಚೀಸ್ ತುರಿದದ್ದೂ ಇದೇ ಮುಂಬಯಿ.

ಇನ್ನು ಅಡುಗೆ. ಕೊಳ್ಳುವಾಗ ಪೊಟ್ಟಣದ ಹಿಂದೆ ನೋಡಿ: ಡ್ಯೂರಮ್ ರವೆ ಎಂದಿದ್ದರೆ ಸರಿ, ಮೈದಾ ಎಂದಿದ್ದರೆ ಅಂಟು ಗಂಜಿಯಾಗುತ್ತದೆ. ಒಬ್ಬರಿಗೆ 100 ಗ್ರಾಂ. ಇಟಲಿಯವರು ಅಷ್ಟಕ್ಕೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು ಎನ್ನುತ್ತಾರೆ. ಪ್ರಯಾಣದಲ್ಲಿ ಬಾಣಲೆ ಒಂದೇ ಇದ್ದರೆ 300ರಿಂದ 350 ಮಿ.ಲೀ. ನೀರು, ಚಿಟಿಕೆ ಉಪ್ಪು ಸಾಕು. ಆಗಾಗ ಕೈಯಾಡಿಸುತ್ತ ನೀರು ಇಂಗುವ ತನಕ ಬೇಯಿಸಿ. ಆ ಗಂಜಿನೀರೇ ಸಾಸು, ಚೆಲ್ಲಬೇಡಿ. ಅದಕ್ಕೂ ಮೊದಲು ಅದೇ ಬಾಣಲೆಯಲ್ಲಿ ಹಿಂದಿನ ದಿನದ ಪಾವ್ ಒಂದನ್ನು ಪುಡಿಮಾಡಿ ಒಂದು ಚಮಚ ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು ಎತ್ತಿಡಿ. ಬೆಣ್ಣೆ ಸವರದ ಪಾವ್ ಕೇಳಿ ತನ್ನಿ. ಪಾಸ್ತಾ ಬೆಂದ ಮೇಲೆ ಅದನ್ನು ಒಂದು ಬದಿಗೆ ಸರಿಸಿ, ಬಾಣಲೆಯ ಇನ್ನೊಂದು ಬದಿಯಲ್ಲಿ ಎರಡು ಚಮಚ ಎಣ್ಣೆಗೆ ಆರು ಎಸಳು ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ ಹಾಕಿ ಘಮ ಬರುವ ತನಕ ಬಾಡಿಸಿ. ಬೆಳ್ಳುಳ್ಳಿ ಕಪ್ಪಾದರೆ ಕಹಿ. ಎಲ್ಲ ಸೇರಿಸಿ, ಬಡಿಸಿಕೊಂಡ ಮೇಲೆಯೇ ಪಾವಿನ ಪುಡಿ ಉದುರಿಸಿ, ಇಲ್ಲವಾದರೆ ಮೆತ್ತಗಾಗುತ್ತದೆ. ಆಲಿವ್ ಎಣ್ಣೆ ದುಬಾರಿ ಎನಿಸಿದರೆ ಶೇಂಗಾ ಎಣ್ಣೆ ಹಾಕಿ. ಸಿಸಿಲಿಯವರು ಒಪ್ಪಲಿಕ್ಕಿಲ್ಲ, ಧಾರವಾಡದವರು ಒಪ್ಪುತ್ತಾರೆ.