ಸಕಲವಾರದಿಂದ ಬಳ್ಳಾರಿಗೆ: ಸಮುದಾಯ ಮಾನಸಿಕ ಆರೋಗ್ಯ ಸೇವೆಯ ಚರಿತ್ರೆ ಮತ್ತು ಅನುದಾನದ ಪ್ರಶ್ನೆ

ಮಾನಸಿಕ ಕಾಯಿಲೆಯಿರುವ ವ್ಯಕ್ತಿಯನ್ನು ದೂರದ ದೊಡ್ಡ ಆಸ್ಪತ್ರೆಗೆ ಸೇರಿಸಿ ಬರುವ ಬದಲು, ಆತನ ಊರಿನಲ್ಲಿ, ಮನೆಯವರ ನಡುವೆಯೇ ಇರಿಸಿಕೊಂಡು, ಹತ್ತಿರದ ಸರ್ಕಾರಿ ಆಸ್ಪತ್ರೆಯ ಮೂಲಕ ಚಿಕಿತ್ಸೆಯನ್ನೂ ಆರೈಕೆಯನ್ನೂ ಒದಗಿಸುವ ಏರ್ಪಾಡಿಗೆ ಸಮುದಾಯ ಮಾನಸಿಕ ಆರೋಗ್ಯ ಸೇವೆ ಎಂದು ಹೆಸರು. ಭಾರತದಲ್ಲಿ ಈ ಏರ್ಪಾಡು ಇಂದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬ ರೂಪದಲ್ಲಿದ್ದು, ಅದರ ಬೇರುಗಳನ್ನು ಹುಡುಕುತ್ತ ಹೋದರೆ ಕರ್ನಾಟಕದ ಎರಡು ಸ್ಥಳಗಳು ಎದುರಾಗುತ್ತವೆ: ಬೆಂಗಳೂರಿನ ಹೊರವಲಯದ ಸಕಲವಾರ ಮತ್ತು ತುಂಗಭದ್ರೆಯ ಸೀಮೆಯ ಬಳ್ಳಾರಿ. ಈ ಎರಡು ಪ್ರಯೋಗಗಳ ಚರಿತ್ರೆಯನ್ನು ವೈದ್ಯರ ಸಾಧನೆಯ ಕಥೆಯಾಗಿ ಹೇಳುವುದು ರೂಢಿ. ಆದರೆ ಅದು ಅಷ್ಟೇ ಮಟ್ಟಿಗೆ ಹಣಕಾಸಿನ ಕಥೆಯೂ ಹೌದು. ಹಣ ನಿಂತಲ್ಲೆಲ್ಲ ಚಿಕಿತ್ಸೆಯೂ ನಿಂತಿತೆಂಬುದು ಆ ಕಥೆಯ ತಿರುಳು.

ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೇ ಬ್ರಿಟಿಷ್ ಆಡಳಿತದಡಿಯಲ್ಲಿ ಮಾನಸಿಕ ರೋಗಿಗಳ ಆಶ್ರಯಾಲಯವೊಂದು ತಲೆಯೆತ್ತಿತ್ತು. ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆ. ಅಂಥ ಆಲಯಗಳ ಮೊದಲ ಉದ್ದೇಶ ರೋಗಿಯನ್ನು ಗುಣಪಡಿಸುವುದಕ್ಕಿಂತ ಬೀದಿಯಿಂದ ಒಳಗೆ ಸೇರಿಸುವುದಾಗಿತ್ತು. 1925ರಲ್ಲಿ ಮೈಸೂರು ಸರ್ಕಾರ ಇದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಿಸಿದ್ದು ಬರಿಯ ಮರುನಾಮಕರಣವಾಗಿರಲಿಲ್ಲ, ಡಾ. ಫ್ರಾಂಕ್ ನರೋನ್ಹಾ ಮತ್ತು ಅವರ ಬಳಿಕ ಬಂದ ಡಾ. ಎಂ.ವಿ. ಗೋವಿಂದಸ್ವಾಮಿ ಅವರಂಥ ವೈದ್ಯರು ಕಾವಲಿನ ಕಟ್ಟಡವನ್ನು ಚಿಕಿತ್ಸೆಯ ಮತ್ತು ಅಧ್ಯಯನದ ಸ್ಥಳವನ್ನಾಗಿ ಮಾಡಲು ದುಡಿದರು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ, ಇಂದು ಎಲ್ಲರೂ ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆ ರೂಪುಗೊಂಡಿತು.

ಆದರೆ ಆಸ್ಪತ್ರೆ ಎಷ್ಟೇ ಸುಧಾರಿಸಿದರೂ ಅಂಕಿಗಳ ಲೆಕ್ಕ ಬಗೆಹರಿಯುತ್ತಿರಲಿಲ್ಲ. ಆರೋಗ್ಯ ವ್ಯವಸ್ಥೆಯ ಸಮೀಕ್ಷೆಗಾಗಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ವರದಿ ಒಪ್ಪಿಸುವ ಹೊತ್ತಿಗೆ, ಸುಮಾರು 40 ಕೋಟಿ ಜನರಿದ್ದ ದೇಶದ ಎಲ್ಲ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಸುಮಾರು 10 ಸಾವಿರ ಮಾತ್ರ. ಹಾಸಿಗೆ ಹೆಚ್ಚಿಸುತ್ತ ಹೋಗುವುದೊಂದೇ ದಾರಿಯಲ್ಲವೆಂಬುದನ್ನು 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ತೋರಿಸಿದರು. ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆಗೆ ಮನೆಯವರನ್ನೂ ಉಳಿಸಿಕೊಂಡು, ಕಾಯಿಲೆಯ ಬಗೆಯನ್ನು ಅವರಿಗೆ ತಿಳಿಸಿ, ಆರೈಕೆಯಲ್ಲಿ ಅವರನ್ನು ಪಾಲುಗಾರರನ್ನಾಗಿ ಮಾಡಿದರು. ಅದೇ ದಶಕದಲ್ಲಿ ಕ್ಲೋರ್‌ಪ್ರೊಮಜಿನ್ ಮೊದಲಾದ ಔಷಧಗಳು ಬಳಕೆಗೆ ಬಂದವು. ರೋಗಿ ಮನೆಯಲ್ಲಿದ್ದುಕೊಂಡೇ ಚೇತರಿಸಿಕೊಳ್ಳಲು ಬೇಕಾದ ಕುಟುಂಬದ ಆಸರೆ ಮತ್ತು ಮಾತ್ರೆ, ಈ ಎರಡೂ ಹೀಗೆ ಏಕಕಾಲದಲ್ಲಿ ಕೈಗೆಟುಕಿದವು.

ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆಗೆ ಅದುವರೆಗೆ ಯಾವ ಆಸರೆಯೂ ಇರಲಿಲ್ಲವೆಂದು ಹೇಳಲಾಗದು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕೋಟದಲ್ಲಿ ಮನೋವೈದ್ಯರಾದ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಅವರು ಬ್ರಾಹ್ಮಣ, ಬಂಟ ಮತ್ತು ಮೊಗೇರ ಸಮುದಾಯಗಳ ಮನೆಮನೆಗೆ ಹೋಗಿ ಮಾಡಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಹೊರಬಂದಿತು. ಮನಸ್ಸಿನ ತೊಂದರೆಗೆ ಅಲ್ಲಿಯ ಜನ ನಾಟಿ ವೈದ್ಯರ ಬಳಿಗೆ, ಮಂತ್ರವಾದಿಗಳ ಬಳಿಗೆ ಮತ್ತು ದೈವ ಮೈಮೇಲೆ ಬರುವ ಪಾತ್ರಿಗಳ ಬಳಿಗೆ ಹೋಗುತ್ತಿದ್ದರು. ಡಾಕ್ಟರರ ಬಳಿಗೂ ಹೋಗುತ್ತಿದ್ದರು. ಒಂದನ್ನು ನಂಬಿದವರು ಇನ್ನೊಂದನ್ನು ಬಿಡುತ್ತಿದ್ದರು ಎಂದೇನೂ ಇರಲಿಲ್ಲ. ಜನರ ಅಜ್ಞಾನವೇ ಚಿಕಿತ್ಸೆಗೆ ಅಡ್ಡಿ ಎಂದು ಇಂದಿಗೂ ಹೇಳುವವರು ಈ ಸಂಗತಿಯನ್ನು ಗಮನಿಸಬೇಕು. ಊರಿನಲ್ಲಿ ಲಭ್ಯವಿದ್ದ ಸಹಾಯವನ್ನೆಲ್ಲ ಜನ ಬಳಸಿಕೊಳ್ಳುತ್ತಿದ್ದರು. ಊರಿನಲ್ಲಿ ಲಭ್ಯವಿರದಿದ್ದುದು ಮನೋವೈದ್ಯಕೀಯ ಚಿಕಿತ್ಸೆ.

ಅದನ್ನು ಊರಿಗೆ ಕೊಂಡೊಯ್ಯುವ ಸಲುವಾಗಿ ನಿಮ್ಹಾನ್ಸ್ 1975ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕವನ್ನು ತೆರೆಯಿತು, ಮರುವರ್ಷ ಬನ್ನೇರುಘಟ್ಟದ ಕಡೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ಆರಂಭಿಸಿತು. ಹರಿಯಾಣದ ರಾಯಪುರ ರಾಣಿಯಲ್ಲಿ ಚಂಡೀಗಢದ ವೈದ್ಯರು ಸರಿಸುಮಾರು ಅದೇ ಕಾಲದಲ್ಲಿ ಇಂಥದೇ ಪ್ರಯೋಗಕ್ಕೆ ಕೈಹಾಕಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ, ಲಸಿಕೆ ಮತ್ತು ಬಾಣಂತಿಯರ ಆರೈಕೆಗಾಗಿ ಮನೆಮನೆ ಸುತ್ತುವ ಆರೋಗ್ಯ ಸಹಾಯಕಿಯರಿಗೂ ಅಲ್ಪಾವಧಿಯ ತರಬೇತಿ ಕೊಟ್ಟರೆ, ತೀವ್ರ ಮಾನಸಿಕ ಕಾಯಿಲೆಗಳನ್ನು ಅವರು ಗುರುತಿಸಬಲ್ಲರೇ ಎಂಬುದು ಸಕಲವಾರದಲ್ಲಿ ಎತ್ತಿಕೊಂಡ ಪ್ರಶ್ನೆ. ಡಾ. ಆರ್. ಶ್ರೀನಿವಾಸಮೂರ್ತಿ, ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್ ಮೊದಲಾದವರು ಇದಕ್ಕಾಗಿ ಸರಳ ಕೈಪಿಡಿಗಳನ್ನು ಸಿದ್ಧಪಡಿಸಿದರು. ಯಾರಿಗೂ ಕೇಳಿಸದ ದನಿ ತನಗೆ ಕೇಳಿಸುತ್ತದೆ ಎನ್ನುವವರು, ವಾರಗಟ್ಟಲೆ ನಿದ್ದೆ ಕೆಟ್ಟು ಊಟ ಬಿಟ್ಟು ಮೂಲೆ ಹಿಡಿದವರು, ಮೂರ್ಛೆ ಬೀಳುವವರು, ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲದ ಮಕ್ಕಳು: ಸಹಾಯಕಿ ಹುಡುಕಬೇಕಾದದ್ದು ಇಂಥ ಕಣ್ಣಿಗೆ ಕಾಣುವ ಲಕ್ಷಣಗಳನ್ನು. ಆಕೆ ಅದನ್ನು ಮಾಡಬಲ್ಲಳೆಂದು ಸಾಬೀತಾಯಿತು.

ಈ ಅನುಭವದ ಬಲದ ಮೇಲೆ ಕೇಂದ್ರ ಆರೋಗ್ಯ ಪರಿಷತ್ತು 1982ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಅಂಗೀಕರಿಸಿತು. ಅಭಿವೃದ್ಧಿಶೀಲ ದೇಶಗಳಲ್ಲಿ ಇಂಥ ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿದ ಮೊದಮೊದಲಿನ ದೇಶಗಳಲ್ಲಿ ಭಾರತವೂ ಒಂದು. ಆದರೆ ಅಂಗೀಕಾರದ ಜೊತೆಗೆ ಬರಬೇಕಾಗಿದ್ದ ಹಣ ಬರಲಿಲ್ಲ. ಕಾರ್ಯಕ್ರಮ ಹಲವು ವರ್ಷ ಕಾಗದದ ಮೇಲೆ ಉಳಿಯಿತು.

ಅದನ್ನು ಕಾಗದದಿಂದ ನೆಲಕ್ಕಿಳಿಸಿದ್ದು ಬಳ್ಳಾರಿ. 15ರಿಂದ 20 ಲಕ್ಷದ ನಡುವೆ ಜನಸಂಖ್ಯೆಯಿದ್ದ, ರಾಜಧಾನಿಯಿಂದ ಸುಮಾರು 300 ಕಿಲೋಮೀಟರ್ ದೂರದ ಈ ಜಿಲ್ಲೆಯನ್ನು ನಿಮ್ಹಾನ್ಸ್ ಮತ್ತು ರಾಜ್ಯದ ಆರೋಗ್ಯ ಇಲಾಖೆಗಳು 1985ರಲ್ಲಿ ಆರಿಸಿಕೊಂಡವು. ಆಗಿನ ಬಳ್ಳಾರಿಯೆಂದರೆ ಬಳ್ಳಾರಿ, ಸಿರುಗುಪ್ಪ, ಸಂಡೂರು, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ತಾಲ್ಲೂಕುಗಳು; ಇವುಗಳಲ್ಲಿ ಕೊನೆಯ ಐದು ಇಂದು ವಿಜಯನಗರ ಜಿಲ್ಲೆಯಲ್ಲಿವೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ನೇತೃತ್ವದ ಸಣ್ಣ ತಂಡ, ಸಂಕಟದ ಹೊತ್ತಿನಲ್ಲಿ ದಾಖಲಿಸಿಕೊಳ್ಳಲು ಕೆಲವೇ ಹಾಸಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ, ಬೆರಳೆಣಿಕೆಯ ಔಷಧಗಳ ಪಟ್ಟಿ, ಸರಳ ದಾಖಲೆ ಮತ್ತು ಮೇಲ್ವಿಚಾರಣೆಯ ಭೇಟಿ: ಏರ್ಪಾಡು ಇಷ್ಟೇ ಆಗಿತ್ತು. 1990ರವರೆಗಿನ ಈ ಐದು ವರ್ಷಗಳ ಕೆಲಸವೇ ಮುಂದೆ ಬಳ್ಳಾರಿ ಮಾದರಿ ಎಂದು ದೇಶದಾದ್ಯಂತ ಹೆಸರಾಯಿತು.

ಈ ಮಾದರಿಯಲ್ಲಿ ಹಣ ಎಲ್ಲಿ ಬೇಕಾಗುತ್ತದೆ ಎಂಬುದನ್ನು ಒಂದೇ ಒಂದು ಔಷಧದಿಂದ ತಿಳಿಯಬಹುದು. ಫ್ಲೂಫೆನಜಿನ್ ಡೆಕನೋಯೇಟ್ ಎಂಬುದು ಎಣ್ಣೆಯಲ್ಲಿ ಬೆರೆಸಿದ ಚುಚ್ಚುಮದ್ದು. ಸ್ನಾಯುವಿಗೆ ಕೊಟ್ಟರೆ ನಿಧಾನವಾಗಿ ರಕ್ತಕ್ಕಿಳಿಯುತ್ತ ಎರಡರಿಂದ ನಾಲ್ಕು ವಾರ ಕೆಲಸ ಮಾಡುತ್ತದೆ. ದಿನದಿನವೂ ಮಾತ್ರೆ ನುಂಗಲು ಒಪ್ಪದ ಸ್ಕಿಜೋಫ್ರೇನಿಯಾ ರೋಗಿಗೆ, ಅಂದರೆ ವಿಚಾರ ಮತ್ತು ಗ್ರಹಿಕೆಗಳು ವಾಸ್ತವದಿಂದ ಕಳಚಿಕೊಳ್ಳುವ ತೀವ್ರ ಕಾಯಿಲೆಯುಳ್ಳವರಿಗೆ, ಇದು ದೊಡ್ಡ ಆಸರೆ. ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರಕ್ಕೆ ಬಂದು ಸೂಜಿ ಹಾಕಿಸಿಕೊಂಡು ಹೋದರೆ ಆ ವ್ಯಕ್ತಿ ಹೊಲಕ್ಕೆ ಹೋಗಬಲ್ಲ, ಮನೆ ನಡೆಸಬಲ್ಲ. ಆದರೆ ಔಷಧದ ಇಂಡೆಂಟಿನಲ್ಲಿ ಒಂದು ತಿಂಗಳು ಅದು ಬಿಟ್ಟುಹೋದರೆ ಆ ತಿಂಗಳೇ ಏನೂ ಆಗುವುದಿಲ್ಲ. ಮದ್ದಿನ ಅಂಶ ಮೈಯಲ್ಲಿ ಮೆಲ್ಲಗೆ ಇಳಿಯುತ್ತದೆ, ಗುಣವಾಯಿತೆಂದು ಮನೆಯವರು ನೆಮ್ಮದಿಗೊಳ್ಳುತ್ತಾರೆ, ಕೆಲವು ತಿಂಗಳ ಮೇಲೆ ಕಾಯಿಲೆ ಮರುಕಳಿಸುತ್ತದೆ. ಆಗ ಬೆಂಗಳೂರಿನ ಬಸ್ಸು ಹಿಡಿಯಬೇಕು, ಜೊತೆಗೆ ಹೋಗುವ ಇಬ್ಬರ ಕೂಲಿ ತಪ್ಪುತ್ತದೆ, ಸಾಲ ಮಾಡಬೇಕಾಗುತ್ತದೆ. ಸರ್ಕಾರಕ್ಕೆ ಉಳಿದದ್ದು ಅಗ್ಗದ ಒಂದು ಮದ್ದಿನ ಬೆಲೆ. ಅದರ ಹಲವು ಪಟ್ಟು ದಂಡವನ್ನು ತೆತ್ತದ್ದು ಕುಟುಂಬ. ಸಮುದಾಯ ಸೇವೆಗೆ ಬೇಕಾದ ಹಣ ದೊಡ್ಡ ಮೊತ್ತವಾಗಿರಬೇಕಿಲ್ಲ, ತಪ್ಪದೆ ಬರುವ ಮೊತ್ತವಾಗಿರಬೇಕು.

ಇದೇ ಅಂಶವನ್ನು ಮುಂದಿನ ಯೋಜನೆಗಳು ಕಡೆಗಣಿಸಿದವು. ಬಳ್ಳಾರಿ ಮಾದರಿಯನ್ನು ಆಧರಿಸಿದ ಜಿಲ್ಲಾ ಕಾರ್ಯಕ್ರಮ 1996-97ರಲ್ಲಿ ನಾಲ್ಕು ಜಿಲ್ಲೆಗಳಲ್ಲಿ ಶುರುವಾಗಿ, ಒಂಬತ್ತನೆಯ ಪಂಚವಾರ್ಷಿಕ ಯೋಜನೆಯಲ್ಲಿ 27 ಜಿಲ್ಲೆಗಳಿಗೆ ಹಬ್ಬಿತು. ಅದಕ್ಕೆ ಗೊತ್ತುಮಾಡಿದ್ದು 28 ಕೋಟಿ ರೂಪಾಯಿ, ಒಟ್ಟು ಲೆಕ್ಕದಲ್ಲಿ ಜಿಲ್ಲೆಯೊಂದಕ್ಕೆ ಐದು ವರ್ಷಕ್ಕೆ ಸುಮಾರು ಒಂದು ಕೋಟಿ. ಐದು ವರ್ಷ ಕೇಂದ್ರ ಕೊಡುವುದು, ಬಳಿಕ ರಾಜ್ಯ ವಹಿಸಿಕೊಳ್ಳುವುದು ಎಂಬುದು ಕರಾರು. ಹಲವೆಡೆ ರಾಜ್ಯಗಳು ವಹಿಸಿಕೊಳ್ಳುವಲ್ಲಿ ತಡಮಾಡಿದವು, ಗುತ್ತಿಗೆಯ ಸಿಬ್ಬಂದಿ ಬೇರೆ ಕೆಲಸ ನೋಡಿಕೊಂಡರು, ತರಬೇತಿ ಪಡೆದ ವೈದ್ಯರು ವರ್ಗವಾಗಿ ಹೋದರು. ಆಜೀವ ಕಾಯಿಲೆಯೊಂದಕ್ಕೆ ಐದು ವರ್ಷದ ಯೋಜನೆಯನ್ನು ಹೊಂದಿಸಿದ್ದು ಈ ನೀತಿಯ ಮೂಲದೋಷ. ಮಧುಮೇಹಿಗೆ ಐದು ವರ್ಷ ಔಷಧ ಕೊಟ್ಟು ಕೈಬಿಡುವ ಯೋಜನೆಯನ್ನು ಯಾವ ಸರ್ಕಾರವೂ ರೂಪಿಸಲಾರದು.

ಸೇವೆಯಿಲ್ಲದ ಕಡೆ ಏನಾಗುತ್ತದೆ ಎಂಬುದನ್ನು 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ತೋರಿಸಿತು. ದರ್ಗಾದ ಆಸುಪಾಸಿನ ಖಾಸಗಿ ಆಶ್ರಯವೊಂದಕ್ಕೆ ನಸುಕಿನಲ್ಲಿ ಬೆಂಕಿ ಹೊತ್ತಿಕೊಂಡಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾರದೆ 28 ಜನ ಸತ್ತರು. ಅವರನ್ನು ಅಲ್ಲಿಗೆ ಕರೆತಂದ ಕುಟುಂಬಗಳನ್ನು ದೂರುವುದು ಸುಲಭ. ಅವರ ತಾಲ್ಲೂಕಿನಲ್ಲಿ ಅವರಿಗೆ ಬೇರೆ ಯಾವ ಬಾಗಿಲು ತೆರೆದಿತ್ತು ಎಂದು ಕೇಳುವುದು ನ್ಯಾಯ.

ಆ ಬಾಗಿಲನ್ನು ತೆರೆದಿಡುವ ಯತ್ನಗಳಲ್ಲಿ ಕರ್ನಾಟಕ ಮುಂದಿದೆ ಎಂಬುದನ್ನು ಹೇಳಲೇಬೇಕು. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್ ಸ್ಕಿಜೋಫ್ರೇನಿಯಾ ರೋಗಿಗಳನ್ನು ಊರಿನಲ್ಲೇ ಗುರುತಿಸಿ, ಚಿಕಿತ್ಸೆ ಬಿಡದಂತೆ ನೋಡಿಕೊಳ್ಳುವ ಕೆಲಸ ನಡೆಸಿತು. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆಸುವ ಮನೋಚೈತನ್ಯ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಕೆಲಸ ಕಲಿಯುತ್ತ ಕಳೆಯಲು ಮಾನಸಧಾರಾ ಕೇಂದ್ರಗಳು ಬಂದವು. ಆದರೂ ಅಂತರ ದೊಡ್ಡದು. 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆಯಿದ್ದು, ಬಹುಪಾಲು ಕಾಯಿಲೆಗಳಲ್ಲಿ ಚಿಕಿತ್ಸೆಯಿಂದ ಹೊರಗುಳಿದವರ ಪ್ರಮಾಣ ಶೇ 70ನ್ನು ಮೀರಿತ್ತು.

ಇದರೆದುರು ಆಯವ್ಯಯವನ್ನು ಇಟ್ಟು ನೋಡಬಹುದು. 2023-24ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಸುಮಾರು 89 ಸಾವಿರ ಕೋಟಿ ರೂಪಾಯಿಗಳ ಅಂದಾಜಿನಲ್ಲಿ ಮಾನಸಿಕ ಆರೋಗ್ಯದ ನೇರ ಬಾಬತ್ತುಗಳಿಗೆ ಸಿಕ್ಕಿದ್ದು ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು. ಅದರಲ್ಲಿಯೂ ಸುಮಾರು 721 ಕೋಟಿ ನಿಮ್ಹಾನ್ಸ್ ಒಂದಕ್ಕೆ, ಸುಮಾರು 134 ಕೋಟಿ ದೂರವಾಣಿ ಸಮಾಲೋಚನೆಯ ಟೆಲಿ ಮಾನಸ್‌ಗೆ. ನಿಮ್ಹಾನ್ಸ್‌ಗೆ ಕೊಟ್ಟದ್ದು ಹೆಚ್ಚಾಯಿತೆಂದು ಯಾರೂ ಹೇಳಲಾರರು; ದೇಶಕ್ಕೆ ಸಕಲವಾರವನ್ನೂ ಬಳ್ಳಾರಿಯನ್ನೂ ಕೊಟ್ಟ ಸಂಸ್ಥೆ ಅದು. ಜಿಲ್ಲಾ ಕಾರ್ಯಕ್ರಮದ ಹಣ ಮಾತ್ರ ರಾಷ್ಟ್ರೀಯ ಆರೋಗ್ಯ ಅಭಿಯಾನದ ಒಟ್ಟು ಗಂಟಿನೊಳಗೆ ಸೇರಿಹೋಗಿದೆ. ಜಿಲ್ಲೆಯೊಂದಕ್ಕೆ ವರ್ಷಕ್ಕೆ 83.2 ಲಕ್ಷದವರೆಗೆ ಕೊಡಬಹುದೆಂಬ ಮಿತಿ ಇದೆ, ಅಷ್ಟು ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಆ ಹಣಕ್ಕೆ ಪ್ರತ್ಯೇಕ ಶೀರ್ಷಿಕೆ, ತಂಡಕ್ಕೆ ಕಾಯಂ ಹುದ್ದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಅಗತ್ಯ ಔಷಧ ಪಟ್ಟಿಯಲ್ಲಿ ಮನೋವೈದ್ಯಕೀಯ ಔಷಧಗಳ ನಿರಂತರ ಪೂರೈಕೆ: ಈ ಮೂರನ್ನು ರಾಜ್ಯ ಮತ್ತು ಕೇಂದ್ರ ಎರಡೂ ತಮ್ಮ ಆಯವ್ಯಯದಲ್ಲಿ ಬರೆದು ಕೊಡಬೇಕು.

ಇದು ದಾನದ ಬೇಡಿಕೆಯಲ್ಲ. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸರ್ಕಾರಿ ವೆಚ್ಚದಲ್ಲಿ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಘೋಷಿಸಿದೆ. ಕನಿಷ್ಠ ಸರ್ಕಾರಿ ಸೇವೆಗಳು ತನ್ನ ಜಿಲ್ಲೆಯಲ್ಲಿ ಸಿಗದಿದ್ದರೆ ರೋಗಿ ಅದೇ ಜಿಲ್ಲೆಯ ಬೇರೆ ಯಾವುದೇ ಮಾನಸಿಕ ಆರೋಗ್ಯ ಸೇವೆಯಲ್ಲಿ ಚಿಕಿತ್ಸೆ ಪಡೆಯಬಹುದು, ಅದರ ವೆಚ್ಚವನ್ನು ಸರ್ಕಾರ ಭರಿಸಬೇಕೆಂದೂ ಹೇಳಿದೆ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ತಜ್ಞರನ್ನು ಅಂತರರಾಷ್ಟ್ರೀಯ ಮಾನದಂಡದಂತೆ ಹೊಂದಿಸಲು ಅದೇ ಕಾಯ್ದೆ ಸರ್ಕಾರಗಳಿಗೆ ಕೊಟ್ಟಿರುವ ಅವಧಿ ಹತ್ತು ವರ್ಷ. 2023ರಲ್ಲಿ ಸಂಸದೀಯ ಸ್ಥಾಯಿ ಸಮಿತಿ ವರದಿ ಮಾಡಿದಾಗ ದೇಶದಲ್ಲಿ ಒಂದು ಲಕ್ಷ ಜನರಿಗೆ ಇದ್ದ ಮನೋವೈದ್ಯರ ಪ್ರಮಾಣ 0.75. ಹತ್ತು ವರ್ಷದ ಆ ಗಡುವು 2028ರ ಮೇ ತಿಂಗಳಿಗೆ ಮುಗಿಯುತ್ತದೆ.