ಒಬ್ಬ ಪಿಚರ್, ಮೂವರು ಹೊಸಬರು: ಬೇಸ್‌ಬಾಲ್ ವಿನಿಮಯದಲ್ಲಿ ಗೆದ್ದವರು ಯಾರು?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಜುಲೈ ತಿಂಗಳು ಬಂತೆಂದರೆ ಮೈದಾನಕ್ಕಿಂತ ತಂಡಗಳ ಕಚೇರಿಗಳಲ್ಲೇ ಚಟುವಟಿಕೆ ಹೆಚ್ಚು. ಪ್ರಶಸ್ತಿಯ ಹಾದಿಯಲ್ಲಿರುವ ತಂಡ ಪಳಗಿದ ಪಿಚರ್‌ಗಾಗಿ ಹುಡುಕುತ್ತದೆ. ಹಿಂದೆ ಬಿದ್ದಿರುವ ತಂಡ ಅಂಥ ಪಿಚರ್‌ನನ್ನು ಬಿಟ್ಟುಕೊಟ್ಟು, ಇನ್ನೂ ಹೆಸರು ಮಾಡದ ಎಳೆಯ ಆಟಗಾರರನ್ನು ಪಡೆಯುತ್ತದೆ. ಇಂತಹ ವಿನಿಮಯದಲ್ಲಿ ಲಾಭ ಯಾರಿಗಾಯಿತು ಎಂಬ ಚರ್ಚೆ ಮರುದಿನವೇ ಆರಂಭವಾಗುತ್ತದೆಯಾದರೂ ಉತ್ತರ ದೊರೆಯಲು ಕೆಲವೊಮ್ಮೆ ಹತ್ತು ವರ್ಷ ಬೇಕಾಗುತ್ತದೆ. 2002ರಲ್ಲಿ ಮಾಂಟ್ರಿಯಲ್ ಎಕ್ಸ್‌ಪೋಸ್ ಮತ್ತು ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ ನಡುವೆ ನಡೆದ ವ್ಯವಹಾರವು ಈ ಚರ್ಚೆಯಲ್ಲಿ ಮೇಲಿಂದ ಮೇಲೆ ಪ್ರಸ್ತಾಪವಾಗುವ ಉದಾಹರಣೆ.

ಕಾಲದ ವಿನಿಮಯ

ಬೇಸ್‌ಬಾಲ್‌ನಲ್ಲಿ ಪಿಚರ್‌ನ ಸ್ಥಾನ ಕ್ರಿಕೆಟ್‌ನ ಬೌಲರ್‌ಗೆ ಹತ್ತಿರವಾದುದು. ಆದರೆ ಹೊಣೆ ಇನ್ನೂ ದೊಡ್ಡದು. ಪಂದ್ಯ ಆರಂಭಿಸುವ ಪಿಚರ್ ದಣಿಯುವವರೆಗೆ ಒಬ್ಬನೇ ಎಸೆಯುತ್ತಾನೆ, ನಂತರ ನಾಲ್ಕೈದು ದಿನ ವಿಶ್ರಾಂತಿ ಪಡೆಯುತ್ತಾನೆ. 162 ಪಂದ್ಯಗಳ ಋತುವಿನಲ್ಲಿ ಅವನಿಗೆ ಸಿಗುವುದು ಮೂವತ್ತು ಚಿಲ್ಲರೆ ಅವಕಾಶಗಳು ಮಾತ್ರ. ಪಂದ್ಯದ ಗೆಲುವು ಸೋಲುಗಳು ಪಿಚರ್‌ನ ಹೆಸರಿಗೂ ಜಮೆಯಾಗುತ್ತವೆ. ಕ್ಷೇತ್ರರಕ್ಷಕರ ತಪ್ಪಿನಿಂದ ಬಂದ ರನ್‌ಗಳನ್ನು ಕಳೆದು, ಒಂಬತ್ತು ಇನಿಂಗ್ಸ್‌ಗೆ ಅವನು ಬಿಟ್ಟುಕೊಟ್ಟ ರನ್‌ಗಳ ಸರಾಸರಿಯನ್ನು ಇ.ಆರ್.ಎ. ಎನ್ನುತ್ತಾರೆ. ಅದು ಕಡಿಮೆಯಾದಷ್ಟೂ ಉತ್ತಮ.

ಮೇಜರ್ ಲೀಗ್‌ನಲ್ಲಿ ಆರು ವರ್ಷ ಸೇವೆ ಪೂರೈಸಿದ ಆಟಗಾರ, ಒಪ್ಪಂದ ಮುಗಿದೊಡನೆ ತನಗೆ ಬೇಕಾದ ತಂಡಕ್ಕೆ ಹೋಗಲು ಸ್ವತಂತ್ರ. ಅದಕ್ಕೂ ಮೊದಲು ಅವನ ಮೇಲೆ ತಂಡಕ್ಕೆ ಹಕ್ಕಿರುತ್ತದೆ, ಸಂಬಳವೂ ಕಡಿಮೆ. ಆದ್ದರಿಂದ ಪಳಗಿದ ಪಿಚರ್‌ಗೆ ಪ್ರತಿಯಾಗಿ ಎಳೆಯರನ್ನು ಪಡೆಯುವುದೆಂದರೆ ಇಂದಿನ ಕೆಲವು ತಿಂಗಳುಗಳನ್ನು ಕೊಟ್ಟು ನಾಳಿನ ಹಲವು ವರ್ಷಗಳನ್ನು ಕೊಳ್ಳುವುದು ಎಂದೇ ಅರ್ಥ.

2002ರ ಜೂನ್ 27

ಅಂದು ಕ್ಲೀವ್‌ಲ್ಯಾಂಡ್ ತಂಡವು ತನ್ನ ಪ್ರಮುಖ ಪಿಚರ್, ಡೊಮಿನಿಕನ್ ಗಣರಾಜ್ಯದ 29 ವರ್ಷದ ಬಾರ್ಟೊಲೊ ಕೊಲೋನ್ ಅವರನ್ನು ಟಿಮ್ ಡ್ರೂ ಜೊತೆ ಮಾಂಟ್ರಿಯಲ್‌ಗೆ ಕಳುಹಿಸಿತು. ಪ್ರತಿಯಾಗಿ ಅನುಭವಿ ಆಟಗಾರ ಲೀ ಸ್ಟೀವನ್ಸ್ ಮತ್ತು ಮೂವರು ಉದಯೋನ್ಮುಖರು ಬಂದರು: 23 ವರ್ಷದ ಎಡಗೈ ಪಿಚರ್ ಕ್ಲಿಫ್ ಲೀ, 20 ವರ್ಷದ ಬ್ರ್ಯಾಂಡನ್ ಫಿಲಿಪ್ಸ್, 19 ವರ್ಷದ ಗ್ರೇಡಿ ಸೈಜ್‌ಮೋರ್. ಈ ಮೂವರಲ್ಲಿ ಯಾರೂ ಅಲ್ಲಿಯವರೆಗೆ ಮೇಜರ್ ಲೀಗ್‌ನಲ್ಲಿ ಆಡಿರಲಿಲ್ಲ.

ಕ್ಲೀವ್‌ಲ್ಯಾಂಡ್ 1995ರಿಂದ 2001ರವರೆಗಿನ ಏಳು ಋತುಗಳಲ್ಲಿ ಆರು ಬಾರಿ ತನ್ನ ವಿಭಾಗದಲ್ಲಿ ಅಗ್ರಸ್ಥಾನ ಪಡೆದಿತ್ತು. ಆ ತಲೆಮಾರಿನ ಆಟಗಾರರು ಒಬ್ಬೊಬ್ಬರಾಗಿ ನಿರ್ಗಮಿಸುತ್ತಿದ್ದರು. ಜನರಲ್ ಮ್ಯಾನೇಜರ್ ಮಾರ್ಕ್ ಶಪೈರೊ ಹಳೆಯ ತಂಡಕ್ಕೆ ತೇಪೆ ಹಾಕುವ ಬದಲು ಹೊಸದನ್ನು ಕಟ್ಟಲು ನಿರ್ಧರಿಸಿದರು. ಜನಪ್ರಿಯ ಪಿಚರ್‌ನನ್ನು ಋತುವಿನ ನಡುವೆಯೇ ಕಳುಹಿಸುವುದು ಅಭಿಮಾನಿಗಳಿಗೆ ರುಚಿಸುವ ಕ್ರಮವಾಗಿರಲಿಲ್ಲ.

ಮಾಂಟ್ರಿಯಲ್ ಒಪ್ಪಿದ್ದೇಕೆ?

ಮಾಂಟ್ರಿಯಲ್‌ನ ಪರಿಸ್ಥಿತಿ ವಿಚಿತ್ರವಾಗಿತ್ತು. 2001ರ ನವೆಂಬರ್‌ನಲ್ಲಿ ತಂಡಗಳ ಮಾಲೀಕರು ಎರಡು ತಂಡಗಳನ್ನು ರದ್ದುಪಡಿಸಲು ಮತ ಹಾಕಿದ್ದರು. ಎಕ್ಸ್‌ಪೋಸ್ ಆ ಎರಡರಲ್ಲಿ ಒಂದೆಂದೇ ಎಲ್ಲರೂ ಭಾವಿಸಿದ್ದರು. 2002ರ ಆರಂಭದಲ್ಲಿ ಲೀಗ್ ಸಂಸ್ಥೆಯೇ ಆ ತಂಡವನ್ನು ಖರೀದಿಸಿ, ಒಮರ್ ಮಿನಾಯಾ ಅವರನ್ನು ಜನರಲ್ ಮ್ಯಾನೇಜರ್ ಸ್ಥಾನಕ್ಕೆ ನೇಮಿಸಿತು. ಮುಂದಿನ ವರ್ಷ ತಂಡವೇ ಇರುವುದೋ ಇಲ್ಲವೋ ಎಂಬ ಸ್ಥಿತಿಯಲ್ಲಿ, ನಾಲ್ಕು ವರ್ಷಗಳ ನಂತರ ಫಲ ಕೊಡುವ ಆಟಗಾರರಿಗೆ ಎಷ್ಟು ಬೆಲೆ ಕಟ್ಟಬೇಕು? ತೋಟವೇ ಕೈತಪ್ಪುವುದಾದರೆ ಸಸಿಗೆ ನೀರೆರೆದು ಪ್ರಯೋಜನವೇನು ಎಂಬುದೇ ಮಾಂಟ್ರಿಯಲ್‌ನ ತರ್ಕವಾಗಿತ್ತು.

ಕೊಲೋನ್ ನಿರಾಸೆಗೊಳಿಸಲಿಲ್ಲ. ಕ್ಲೀವ್‌ಲ್ಯಾಂಡ್ ಪರ 10 ಗೆಲುವು, 4 ಸೋಲು ಕಂಡಿದ್ದ ಅವರು ಮಾಂಟ್ರಿಯಲ್ ಪರವೂ ಅಷ್ಟೇ ಗೆಲುವು ಸೋಲುಗಳನ್ನು ದಾಖಲಿಸಿ, 2.93 ಇ.ಆರ್.ಎ.ಯೊಂದಿಗೆ ಋತು ಮುಗಿಸಿದರು. ಜುಲೈನಲ್ಲಿ ಕ್ಲಿಫ್ ಫ್ಲಾಯ್ಡ್ ಅವರನ್ನೂ ತರಿಸಿಕೊಂಡ ತಂಡ, ಆಸೆ ಕಮರಿದಾಗ ತಿಂಗಳಾಂತ್ಯಕ್ಕೆ ಅವರನ್ನು ಬಾಸ್ಟನ್‌ಗೆ ಕಳುಹಿಸಿತು. ಕೊನೆಗೆ ಎಕ್ಸ್‌ಪೋಸ್ 83 ಪಂದ್ಯ ಗೆದ್ದು ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆಯಿತಾದರೂ, 101 ಗೆಲುವುಗಳ ಅಟ್ಲಾಂಟಾಕ್ಕಿಂತ 19 ಪಂದ್ಯಗಳಷ್ಟು ಹಿಂದಿತ್ತು.

ಆಗಸ್ಟ್ 30ರಂದು ಆಟಗಾರರ ಸಂಘ ಮತ್ತು ಮಾಲೀಕರ ನಡುವೆ ಏರ್ಪಟ್ಟ ಒಪ್ಪಂದವು ತಂಡ ರದ್ದತಿಯ ಯೋಜನೆಯನ್ನು ಮುಂದೂಡಿತು. ಇಲ್ಲವಾಗಬೇಕಿದ್ದ ನಾಳೆ ಬಂದೇ ಬಂತು, ಆದರೆ ನಾಳಿನ ಆಟಗಾರರು ಕೈಬಿಟ್ಟುಹೋಗಿದ್ದರು. 2003ರ ಜನವರಿಯಲ್ಲಿ ಕೊಲೋನ್ ಅವರನ್ನೂ ಷಿಕಾಗೊ ವೈಟ್ ಸಾಕ್ಸ್‌ಗೆ ಕಳುಹಿಸಲಾಯಿತು. ಆ ತ್ರಿಪಕ್ಷೀಯ ವ್ಯವಹಾರದಲ್ಲಿ ಬಂದ ಒರ್ಲಾಂಡೊ ಹೆರ್ನಾಂಡೆಜ್ ಭುಜದ ನೋವಿನಿಂದ ಮಾಂಟ್ರಿಯಲ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ. 2004ರ ಋತು ಮುಗಿದ ಮೇಲೆ ತಂಡ ವಾಷಿಂಗ್ಟನ್‌ಗೆ ಸ್ಥಳಾಂತರಗೊಂಡಿತು.

ಮೂವರ ಏಳುಬೀಳು

ಸೈಜ್‌ಮೋರ್ 2006ರಿಂದ 2008ರವರೆಗೆ ಸತತ ಮೂರು ಬಾರಿ ಆಲ್‌ಸ್ಟಾರ್ ತಂಡಕ್ಕೆ ಆಯ್ಕೆಯಾದರು. 2008ರಲ್ಲಿ 33 ಹೋಂ ರನ್ ಬಾರಿಸಿ, 38 ಬೇಸ್‌ಗಳನ್ನು ಕದ್ದರು. ನಂತರ ಗಾಯಗಳು ಅವರ ಆಟವನ್ನು ಕಸಿದುಕೊಂಡವು. 2012 ಮತ್ತು 2013ರಲ್ಲಿ ಅವರು ಕಣಕ್ಕಿಳಿಯಲೇ ಇಲ್ಲ.

ಕ್ಲಿಫ್ ಲೀ 2005ರಲ್ಲಿ 18 ಪಂದ್ಯ ಗೆದ್ದರು. 2007ರಲ್ಲಿ ಎಷ್ಟು ಕುಸಿದರೆಂದರೆ ಅವರನ್ನು ಮೈನರ್ ಲೀಗ್‌ಗೆ ಕಳುಹಿಸಲಾಯಿತು. ಆ ವರ್ಷ ಕ್ಲೀವ್‌ಲ್ಯಾಂಡ್ ಪ್ಲೇಆಫ್ ತಲುಪಿದಾಗ ತಂಡದಲ್ಲಿ ಅವರ ಹೆಸರಿರಲಿಲ್ಲ. ಮರುವರ್ಷ 22 ಗೆಲುವು, 3 ಸೋಲು, 2.54 ಇ.ಆರ್.ಎ. ದಾಖಲಿಸಿ, ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಗೆದ್ದರು.

ಫಿಲಿಪ್ಸ್ ಕತೆ ಬೇರೆ. ಅವರ ಮೇಲಿನ ವಿಶ್ವಾಸ ಕಳೆದುಕೊಂಡ ಕ್ಲೀವ್‌ಲ್ಯಾಂಡ್, 2006ರ ಏಪ್ರಿಲ್‌ನಲ್ಲಿ ಅವರನ್ನು ಅತ್ಯಲ್ಪ ಪ್ರತಿಫಲಕ್ಕೆ ಸಿನ್ಸಿನ್ನಾಟಿಗೆ ಕೊಟ್ಟಿತು. ಅಲ್ಲಿ ಅವರು ಮೂರು ಬಾರಿ ಆಲ್‌ಸ್ಟಾರ್ ಆದರು, ಶ್ರೇಷ್ಠ ಕ್ಷೇತ್ರರಕ್ಷಣೆಗೆ ನೀಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ನಾಲ್ಕು ಬಾರಿ ಗಳಿಸಿದರು.

ಕೊಲೋನ್ ಸಹ ಹಿಂದೆ ಬೀಳಲಿಲ್ಲ. 2005ರಲ್ಲಿ ಏಂಜಲ್ಸ್ ಪರ 21 ಪಂದ್ಯ ಗೆದ್ದು ಸೈ ಯಂಗ್ ಪ್ರಶಸ್ತಿ ಪಡೆದರು. 2018ರವರೆಗೆ ಆಡಿ 247 ಗೆಲುವುಗಳೊಂದಿಗೆ ನಿವೃತ್ತರಾದರು. ಆದರೆ ಆ ಯಶಸ್ಸಿನಲ್ಲಿ ಮಾಂಟ್ರಿಯಲ್‌ಗೆ ದಕ್ಕಿದ್ದು ಮೂರು ತಿಂಗಳು ಮಾತ್ರ.

ಹತ್ತು ಗೆಲುವುಗಳ ಬೆಲೆ

ಹಾಗಾದರೆ ಎಳೆಯರನ್ನು ಪಡೆದವರೇ ಸದಾ ಜಾಣರೇ? 1987ರ ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್, 36 ವರ್ಷದ ಡಾಯ್ಲ್ ಅಲೆಗ್ಸಾಂಡರ್ ಅವರಿಗಾಗಿ 20 ವರ್ಷದ ಜಾನ್ ಸ್ಮೋಲ್ಟ್ಸ್ ಅವರನ್ನು ಅಟ್ಲಾಂಟಾಕ್ಕೆ ಕೊಟ್ಟಿತು. ಸ್ಮೋಲ್ಟ್ಸ್ ಮುಂದೆ 213 ಪಂದ್ಯ ಗೆದ್ದು 2015ರಲ್ಲಿ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರರಾದರು. ಮೇಲ್ನೋಟಕ್ಕೆ ಇದು ಡೆಟ್ರಾಯಿಟ್‌ನ ಮಹಾಪ್ರಮಾದ. ಆದರೆ ಅಲೆಗ್ಸಾಂಡರ್ ಆ ಋತುವಿನ ಉಳಿದ ಅವಧಿಯಲ್ಲಿ ಒಂಬತ್ತು ಪಂದ್ಯ ಗೆದ್ದು ಒಂದನ್ನೂ ಸೋಲಲಿಲ್ಲ, ಇ.ಆರ್.ಎ. 1.53. ಡೆಟ್ರಾಯಿಟ್ ತನ್ನ ವಿಭಾಗವನ್ನು ಗೆದ್ದದ್ದು ಕೇವಲ ಎರಡು ಪಂದ್ಯಗಳ ಅಂತರದಿಂದ.

2008ರ ಜುಲೈನಲ್ಲಿ ಇದೇ ಶಪೈರೊ ಅವರು ಸಿ.ಸಿ. ಸಬೇಥಿಯಾ ಅವರನ್ನು ಮಿಲ್ವಾಕೀಗೆ ಕೊಟ್ಟು, ಮ್ಯಾಟ್ ಲಪೋರ್ಟಾ ಮತ್ತಿತರರನ್ನು ಪಡೆದರು. ಸಬೇಥಿಯಾ 11 ಗೆಲುವು, 2 ಸೋಲು, 1.65 ಇ.ಆರ್.ಎ. ದಾಖಲಿಸಿದರು. 1982ರ ಬಳಿಕ ಮೊದಲ ಬಾರಿಗೆ ಮಿಲ್ವಾಕೀ ಪ್ಲೇಆಫ್ ತಲುಪಿತು, ಅದೂ ಒಂದೇ ಪಂದ್ಯದ ಅಂತರದಲ್ಲಿ. ಲಪೋರ್ಟಾ ಮೇಲಿಟ್ಟ ನಿರೀಕ್ಷೆ ಹುಸಿಯಾಯಿತು. ಒಪ್ಪಂದದ ಪ್ರಕಾರ ನಂತರ ಹೆಸರಿಸಲ್ಪಟ್ಟ ಮೈಕೆಲ್ ಬ್ರ್ಯಾಂಟ್ಲಿಯೇ ಕೊನೆಗೆ ತಾರೆಯಾದರು. ಎಳೆಯರಲ್ಲಿ ಯಾರು ಅರಳುವರು, ಯಾರು ಬಾಡುವರು ಎಂದು ಕೊಟ್ಟವರಿಗೂ ಪಡೆದವರಿಗೂ ಖಚಿತವಾಗಿ ತಿಳಿದಿರುವುದಿಲ್ಲ.

ತೂಗುವ ಬಗೆ

ಈ ಉದಾಹರಣೆಗಳಿಂದ ಕೆಲವು ಮಾನದಂಡಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಆಟಗಾರನ ಇಡೀ ವೃತ್ತಿಜೀವನವನ್ನಲ್ಲ, ಆಯಾ ತಂಡದಲ್ಲಿದ್ದ ಅವಧಿಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಫಿಲಿಪ್ಸ್ ಸಾಧನೆ ಮಾಂಟ್ರಿಯಲ್‌ಗೆ ನಷ್ಟವೇ ಹೌದು, ಆದರೆ ಕ್ಲೀವ್‌ಲ್ಯಾಂಡ್‌ಗೆ ಲಾಭವಲ್ಲ.

ಎರಡನೆಯದಾಗಿ, ಎಲ್ಲ ಗೆಲುವುಗಳ ಬೆಲೆ ಒಂದೇ ಅಲ್ಲ. ಸಾಧಾರಣ ಬದಲಿ ಆಟಗಾರನಿಗಿಂತ ಒಬ್ಬ ಆಟಗಾರ ಎಷ್ಟು ಗೆಲುವುಗಳನ್ನು ಹೆಚ್ಚಾಗಿ ತಂದುಕೊಟ್ಟ ಎಂದು ಅಳೆಯುವ ‘ವಾರ್’ ಎಂಬ ಅಂಕಿಯು ಈಗ ಬಹು ಬಳಕೆಯಲ್ಲಿದೆ. ಆದರೆ ಆ ಅಂಕಿಯಲ್ಲಿ, 19 ಪಂದ್ಯ ಹಿಂದಿರುವ ತಂಡದ ಗೆಲುವಿಗೂ ಒಂದು ಪಂದ್ಯದ ಅಂತರದಲ್ಲಿ ಪ್ಲೇಆಫ್ ತಲುಪಿದ ತಂಡದ ಗೆಲುವಿಗೂ ವ್ಯತ್ಯಾಸ ಕಾಣದು. ಮಾಂಟ್ರಿಯಲ್‌ನಲ್ಲಿ ಕೊಲೋನ್ ಗಳಿಸಿದ್ದು 10, ಮಿಲ್ವಾಕೀಯಲ್ಲಿ ಸಬೇಥಿಯಾ ಗಳಿಸಿದ್ದು 11. ಫಲಿತಾಂಶ ಮಾತ್ರ ಅಜಗಜಾಂತರ.

ಮೂರನೆಯದಾಗಿ, ವಿನಿಮಯ ಒಂದಕ್ಕೇ ನಿಲ್ಲುವುದಿಲ್ಲ. 2009ರಲ್ಲಿ ಕ್ಲೀವ್‌ಲ್ಯಾಂಡ್, ಲೀ ಅವರನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು ಕಾರ್ಲೋಸ್ ಕರಾಸ್ಕೊ ಮೊದಲಾದವರನ್ನು ಪಡೆಯಿತು. ಕರಾಸ್ಕೊ 2017ರಲ್ಲಿ 18 ಪಂದ್ಯ ಗೆದ್ದರು. 2021ರ ಜನವರಿಯಲ್ಲಿ ಅವರನ್ನು ಫ್ರಾನ್ಸಿಸ್ಕೊ ಲಿಂಡೋರ್ ಜೊತೆ ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟಾಗ ಬಂದವರಲ್ಲಿ ಆಂಡ್ರೆಸ್ ಹಿಮೆನೆಜ್ ಒಬ್ಬರು. ಅವರು 2022ರಲ್ಲಿ ಆಲ್‌ಸ್ಟಾರ್ ಆದರು. ಹೀಗೆ 2002ರ ವ್ಯವಹಾರದ ಬೇರು ಇಪ್ಪತ್ತು ವರ್ಷ ಹಬ್ಬಿತು.

ಕೊನೆಯದಾಗಿ, ನಿರ್ಧಾರವನ್ನು ಆ ದಿನ ಲಭ್ಯವಿದ್ದ ಮಾಹಿತಿಯಿಂದಲೇ ತೂಗಬೇಕು. ಮಿನಾಯಾ ಅವರ ಮುಂದಿದ್ದುದು ಭವಿಷ್ಯವಿಲ್ಲದ ತಂಡ. ಆದರೂ ಅಟ್ಲಾಂಟಾವನ್ನು ಹಿಂದಿಕ್ಕುವ ಸಾಧ್ಯತೆ ಕ್ಷೀಣವಾಗಿದ್ದಾಗ ಒಬ್ಬ ಪಿಚರ್‌ಗೆ ಮೂವರನ್ನೂ ತೆತ್ತದ್ದು ದುಬಾರಿಯೇ ಸರಿ.

ಯಾರಿಗೆ ಜಯ?

ಪ್ರತಿಭೆಯ ಲೆಕ್ಕದಲ್ಲಿ ಕ್ಲೀವ್‌ಲ್ಯಾಂಡ್ ಗೆದ್ದಿತೆಂಬುದು ನಿರ್ವಿವಾದ. ಆದರೆ ಆ ಪ್ರತಿಭೆಯೂ ಕಿರೀಟ ತರಲಿಲ್ಲ. 2007ರಲ್ಲಿ ಬಾಸ್ಟನ್ ವಿರುದ್ಧ 3-1ರ ಮುನ್ನಡೆ ಪಡೆದಿದ್ದ ತಂಡ, ಸರಣಿಯನ್ನು 4-3ರಿಂದ ಕಳೆದುಕೊಂಡಿತು. ಗಾರ್ಡಿಯನ್ಸ್ ಎಂದು ಹೆಸರು ಬದಲಿಸಿಕೊಂಡ ಮೇಲೂ, 2025ರ ಋತುವಿನವರೆಗೆ, 1948ರ ನಂತರದ ವಿಶ್ವ ಸರಣಿಯ ಗೆಲುವು ಅದಕ್ಕೆ ದಕ್ಕಲಿಲ್ಲ. 2009ರ ವಿಶ್ವ ಸರಣಿಯ ಮೊದಲ ಪಂದ್ಯದಲ್ಲಿ ಫಿಲಡೆಲ್ಫಿಯಾ ಪರ ಲೀ, ಯಾಂಕೀಸ್ ಪರ ಸಬೇಥಿಯಾ ಎದುರುಬದುರಾದಾಗ, ಇಬ್ಬರನ್ನೂ ಬೆಳೆಸಿದ ಕ್ಲೀವ್‌ಲ್ಯಾಂಡ್ ಪ್ರೇಕ್ಷಕನಾಗಿತ್ತು.

ಮಾಂಟ್ರಿಯಲ್‌ನ ನಷ್ಟ ಮಾತ್ರ ಅಂಕಿಅಂಶಗಳನ್ನು ಮೀರಿದ್ದು. ಒಂದು ಬೇಸಿಗೆಯ ಆಸೆಗಾಗಿ ಮೂವರು ತಾರೆಯರನ್ನು ಕೊಟ್ಟ ಆ ನಗರಕ್ಕೆ ಪ್ಲೇಆಫ್ ಬರಲಿಲ್ಲ, ಕೊಲೋನ್ ಉಳಿಯಲಿಲ್ಲ. ಕೊನೆಗೆ ತಂಡವೂ ಉಳಿಯಲಿಲ್ಲ.