ದೆವ್ವ ಇಲ್ಲದ ದೆವ್ವದ ಸಿನಿಮಾ

ನಮ್ಮಲ್ಲಿ ಹಾರರ್ ಅಂದರೆ ಎಲ್ಲವೂ 'ದೆವ್ವದ ಸಿನಿಮಾ'ನೇ. 1979ರ 'ನಾ ನಿನ್ನ ಬಿಡಲಾರೆ' ನೋಡಿ ರಾತ್ರಿ ದೀಪ ಆರಿಸದೆ ಮಲಗಿದವರಿಗೆ ಬೇರೆ ಹೆಸರು ಯಾಕಾದರೂ ಬೇಕು? ಆದರೆ ಅಮೆರಿಕದವರು 'ಸ್ಲಾಶರ್' ಅಂತ ಕರೆಯುವ ಚಿತ್ರಗಳು ಶುರುವಾದದ್ದು ದೆವ್ವ, ಮಾಟ-ಮಂತ್ರ ಯಾವುದೂ ಇಲ್ಲದೆ. ಅಲ್ಲಿರೋದು ಚಾಕುವೋ ಕೊಡಲಿಯೋ ಹಿಡಿದ ಒಬ್ಬ ಮನುಷ್ಯ, ಹಿಂದೆಂದೋ ನಡೆದ ಒಂದು ಕೆಟ್ಟ ಘಟನೆ, ಒಬ್ಬೊಬ್ಬರಾಗಿ ಸಾಯುವ ಹುಡುಗ-ಹುಡುಗಿಯರು, ಕೊನೆಗೆ ಉಳಿಯುವ ಒಬ್ಬಳು ಹುಡುಗಿ.

ರಕ್ತ ಜಾಸ್ತಿ ಇದ್ದರೆ ಸ್ಲಾಶರ್ ಅನ್ನುವವರೂ ಇದ್ದಾರೆ. ನನಗಂತೂ ಇದು ಒಪ್ಪಿಗೆಯಿಲ್ಲ. ಗಮನಿಸಬೇಕಾದದ್ದು ರಕ್ತವನ್ನಲ್ಲ, ಕ್ಯಾಮೆರಾವನ್ನು. ಅದು ಯಾರ ಕಣ್ಣು? ಕೊಲ್ಲುವವನದೋ, ತಪ್ಪಿಸಿಕೊಂಡು ಓಡುವವಳದೋ?

ಈ ಪ್ರಶ್ನೆ 1960ರಲ್ಲೇ ಎದ್ದಿತ್ತು. ಬ್ರಿಟನ್ನಿನಲ್ಲಿ ಮೈಕೆಲ್ ಪೊವೆಲ್ 'ಪೀಪಿಂಗ್ ಟಾಮ್' ಮಾಡಿದ. ಅದರ ನಾಯಕ ಕ್ಯಾಮೆರಾ ಸ್ಟ್ಯಾಂಡಿನ ಕಾಲಿನಲ್ಲಿ ಬ್ಲೇಡು ಅಡಗಿಸಿಟ್ಟುಕೊಂಡು, ಹೆಂಗಸರನ್ನು ಕೊಲ್ಲುತ್ತಲೇ ಅವರ ಭಯವನ್ನು ಚಿತ್ರೀಕರಿಸುತ್ತಾನೆ. ಅಂದರೆ ನೋಡುವವರೂ ತಪ್ಪಿತಸ್ಥರೇ ಅಂತ ಹೇಳಿದ ಹಾಗಾಯ್ತು! ವಿಮರ್ಶಕರು ಉಗಿದು ಉಪ್ಪಿನಕಾಯಿ ಹಾಕಿದರು, ಪೊವೆಲ್‌ನ ವೃತ್ತಿಜೀವನಕ್ಕೇ ಪೆಟ್ಟು ಬಿತ್ತು. ಕೆಲವೇ ತಿಂಗಳಲ್ಲಿ ಬಂದ ಹಿಚ್‌ಕಾಕನ 'ಸೈಕೋ' ಮಾತ್ರ ಹಣ ಬಾಚಿತು. ಅದರ ಸ್ನಾನದ ಮನೆಯ ಕೊಲೆ ತೆರೆಯ ಮೇಲೆ ಒಂದು ನಿಮಿಷವೂ ಇಲ್ಲ, ಶೂಟಿಂಗಿಗೆ ಹಿಡಿದದ್ದು ಒಂದು ವಾರ. ಕಪ್ಪು-ಬಿಳುಪು ಚಿತ್ರವಾದ್ದರಿಂದ ರಕ್ತದ ಬದಲು ಚಾಕೊಲೇಟ್ ಸಿರಪ್ ಸುರಿದು ಮುಗಿಸಿದರು.

ಆಮೇಲೆ ಇಟಲಿಯಲ್ಲಿ ಮಾರಿಯೋ ಬಾವಾ ಇದನ್ನು ಬಣ್ಣದಲ್ಲಿ ಮಾಡಿ ತೋರಿಸಿದ. ಆದರೆ ಸ್ಲಾಶರಿನ ಪೂರ್ತಿ ಸಾಮಾನು ಒಂದೇ ಕಡೆ ಸಿಗುವುದು 1974ರ ಕೆನಡಾದ 'ಬ್ಲ್ಯಾಕ್ ಕ್ರಿಸ್‌ಮಸ್'ನಲ್ಲಿ. ಹಬ್ಬದ ದಿನಗಳು, ವಿದ್ಯಾರ್ಥಿನಿಯರು ಇರುವ ಮನೆ, ಕೊಲೆಗಾರನ ಕಣ್ಣಾಗಿ ಗೋಡೆ ಹತ್ತಿ ಅಟ್ಟಕ್ಕೆ ನುಗ್ಗುವ ಕ್ಯಾಮೆರಾ, ಮನೆಯೊಳಗಿಂದಲೇ ಬರುವ ಫೋನ್ ಕರೆ... ಎಲ್ಲಾ ಇತ್ತು. ಪಾಪ, ಹೆಸರು ಬಂದದ್ದು ಮಾತ್ರ ನಾಲ್ಕು ವರ್ಷ ಆದಮೇಲೆ ಬಂದ ಇನ್ನೊಂದು ಹಬ್ಬದ ಚಿತ್ರಕ್ಕೆ.

ಅದೇ ಜಾನ್ ಕಾರ್ಪೆಂಟರನ 'ಹ್ಯಾಲೊವೀನ್' (1978). ಬಜೆಟ್ಟು ಮೂರು ಲಕ್ಷ ಡಾಲರಿನ ಆಸುಪಾಸು. ಕಥೆ ಅಕ್ಟೋಬರ್ ಕೊನೆಯದು, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ! ಎಲೆಗಳಿಗೆ ಬಣ್ಣ ಬಳಿದು ಬೀದಿಗೆ ಹರಡುವುದು, ಶಾಟ್ ಮುಗಿದ ಮೇಲೆ ಬಾಚಿ ಚೀಲಕ್ಕೆ ತುಂಬಿಕೊಳ್ಳುವುದು, ಇನ್ನೊಂದು ಬೀದಿಯಲ್ಲಿ ಮತ್ತೆ ಹರಡುವುದು. ಕೊಲೆಗಾರನ ಮುಖವಾಡ 'ಸ್ಟಾರ್ ಟ್ರೆಕ್'ನ ಕ್ಯಾಪ್ಟನ್ ಕರ್ಕ್‌ನದ್ದು, ಅಂಗಡಿಯಲ್ಲಿ ಕೊಂಡು ತಂದು ಬಿಳಿ ಬಣ್ಣ ಹೊಡೆದದ್ದು. ಸಂಗೀತವೂ ಕಾರ್ಪೆಂಟರನದೇ.

ಮೊದಲ ದೃಶ್ಯ ಸುಮಾರು ನಾಲ್ಕು ನಿಮಿಷ. ನಾವು ಯಾರದೋ ಕಣ್ಣಾಗಿ ಮನೆ ಸುತ್ತುತ್ತೇವೆ, ಅಡುಗೆಮನೆಯಲ್ಲಿ ಚಾಕು ತೆಗೆದುಕೊಳ್ಳುತ್ತೇವೆ, ಮಹಡಿ ಹತ್ತುತ್ತೇವೆ, ಮುಖವಾಡದ ಎರಡು ತೂತುಗಳಿಂದ ಒಂದು ಹುಡುಗಿಯ ಸಾವನ್ನು ನೋಡುತ್ತೇವೆ. ಹೊರಗೆ ಬಂದಾಗ ಯಾರೋ ಮುಖವಾಡ ತೆಗೆಯುತ್ತಾರೆ. ನೋಡಿದರೆ ಆರು ವರ್ಷದ ಹುಡುಗ! ಸತ್ತವಳು ಅವನ ಅಕ್ಕ. ಮೊದಲ ಸಲ ನೋಡಿದಾಗ ನನಗೆ ಒಂಥರಾ ನಾಚಿಕೆಯಾಗಿತ್ತು, ನನ್ನ ಕೈಯಲ್ಲೇ ಚಾಕು ಇದ್ದ ಹಾಗೆ. ಆದರೆ ಅಲ್ಲಿಂದ ಮುಂದೆ ಚಿತ್ರ ನಮ್ಮನ್ನು ನಿಧಾನವಾಗಿ ಲಾರಿ ಎಂಬ ಹುಡುಗಿಯ ಪಕ್ಕಕ್ಕೆ ತರುತ್ತದೆ. ಕೊನೆಯಲ್ಲಿ ಬಟ್ಟೆ ಬೀರುವಿನೊಳಗೆ ಅವಳ ಜೊತೆ ಅವಿತಿರುವುದು ನಾವು. ರಕ್ತ? ಹುಡುಕಬೇಕು, ಅಷ್ಟು ಕಡಿಮೆ. (ಲಾರಿಯಾದ ಜೇಮೀ ಲೀ ಕರ್ಟಿಸ್, 'ಸೈಕೋ'ದಲ್ಲಿ ಸ್ನಾನದ ಮನೆಯಲ್ಲಿ ಸತ್ತ ಜಾನೆಟ್ ಲೀಯ ಮಗಳು.)

ದುಡ್ಡು ಹರಿದು ಬಂದಮೇಲೆ ನಕಲು ಬಾರದೆ ಇರುತ್ತದೆಯೇ? ಷಾನ್ ಕನಿಂಗ್‌ಹ್ಯಾಮ್ ಸ್ಕ್ರಿಪ್ಟ್ ಸಿದ್ಧವಾಗುವ ಮೊದಲೇ ಪತ್ರಿಕೆಯಲ್ಲಿ ಹೆಸರಿನ ಜಾಹೀರಾತು ಹಾಕಿಸಿದ: 'ಫ್ರೈಡೇ ದಿ ಥರ್ಟೀಂತ್' (1980). ಇಲ್ಲೂ ಕೊಲೆಗಾರನ ಕಣ್ಣಿನ ಕ್ಯಾಮೆರಾ ಇದೆ, ಆದರೆ ಬಹುಪಾಲು ಅವನ ಗುರುತು ಮುಚ್ಚಿಡುವುದಕ್ಕೆ ಮಾತ್ರ. ಪ್ರೇಕ್ಷಕನ ಕೆಲಸ ಹೆಣ ಎಣಿಸುವುದು. ವಿಮರ್ಶಕ ಜೀನ್ ಸಿಸ್ಕೆಲ್‌ಗೆ ಎಷ್ಟು ಸಿಟ್ಟು ಬಂತೆಂದರೆ, ಯಾರೂ ನೋಡದಿರಲಿ ಅಂತ ಕೊಲೆಗಾರ ಯಾರೆಂದು ಬೇಕಂತಲೇ ಬರೆದುಬಿಟ್ಟ! ಅದೇ ವರ್ಷ ಅವನೂ ರೋಜರ್ ಈಬರ್ಟೂ ಟೀವಿಯಲ್ಲಿ ಇಂಥ ಚಿತ್ರಗಳ ವಿರುದ್ಧ ಒಂದಿಡೀ ಕಾರ್ಯಕ್ರಮ ನಡೆಸಿದರು. 'ಹ್ಯಾಲೊವೀನ್'ಗೆ ಈಬರ್ಟ್ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟಿದ್ದ ಅನ್ನೋದು ನೆನಪಿರಲಿ.

1987ರಲ್ಲಿ ಕೆರೋಲ್ ಕ್ಲೋವರ್ ಎಂಬ ವಿದ್ವಾಂಸೆ ಒಂದು ಪ್ರಬಂಧ ಬರೆದು, ಕೊನೆಗೆ ಉಳಿಯುವವಳಿಗೆ 'ಫೈನಲ್ ಗರ್ಲ್' ಅಂತ ಹೆಸರಿಟ್ಟಳು. ಕೊಲೆಗಾರನ ಕಣ್ಣಿಂದ ಶುರುಮಾಡಿದ ಹುಡುಗರೇ ಕೊನೆಗೆ ಆ ಹುಡುಗಿ ಗೆಲ್ಲಲಿ ಅಂತ ಕೂಗುತ್ತಾರಲ್ಲ, ಇದನ್ನು ಬರೀ ಹೆಣ್ಣಿನ ಮೇಲಿನ ದ್ವೇಷ ಅಂದರೆ ಸಾಲದು ಅನ್ನುವುದು ಅವಳ ವಾದದ ಒಂದು ಎಳೆ. ಒಳ್ಳೆಯ ಸ್ಲಾಶರ್‌ಗಳ ಮಟ್ಟಿಗೆ ನನಗಿದು ಸರಿ ಅನಿಸುತ್ತದೆ. ನಕಲುಗಳ ಮಟ್ಟಿಗೆ ಸಿಸ್ಕೆಲ್‌ನ ಸಿಟ್ಟೇ ಸರಿ.

1996ರ 'ಸ್ಕ್ರೀಮ್' ನೋಡಿದ್ದೀರಾ? ಫೋನಿನಲ್ಲಿ ಕೊಲೆಗಾರ ಕೇಳುತ್ತಾನೆ, 'ಫ್ರೈಡೇ...'ಯ ಕೊಲೆಗಾರ ಯಾರು ಅಂತ. ಹುಡುಗಿ ಧೈರ್ಯವಾಗಿ "ಜೇಸನ್" ಅನ್ನುತ್ತಾಳೆ. ತಪ್ಪು! ಮೊದಲ ಭಾಗದಲ್ಲಿ ಕೊಂದದ್ದು ಅವನ ತಾಯಿ. ಆ ಉತ್ತರಕ್ಕೆ ಹುಡುಗಿಯ ಗೆಳೆಯನ ಜೀವ ಹೋಗುತ್ತದೆ. ಹೆಣಗಳನ್ನೆಲ್ಲ ಸರಿಯಾಗಿ ಎಣಿಸಿದ್ದ ನಾನೂ ಟೀವಿ ಮುಂದೆ ಕೂತು "ಜೇಸನ್" ಅಂತಲೇ ಕೂಗಿದ್ದೆ.